ಎರಡು ಹೊಳೆಗಳ ತೌರುಮನೆ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಋಷಿಗಳ ವಿಚಾರವನ್ನು ಬಲ್ಲವರು ಹೇಳಲಿ. ನದಿಯ ಮಟ್ಟಿಗಂತೂ ಆ ಮಾತನ್ನು ಮೀರಿ ನಡೆಯಬೇಕಾದ ಸಂದರ್ಭವು ನಮ್ಮ ಕಾಲದ ಮಲೆನಾಡಿಗರಿಗೆ ಒದಗಿಬಂದಿತು. ಹೊಳೆಯು ಹುಟ್ಟುವ ಎಡೆಯಲ್ಲಿ ನೆಲವನ್ನು ಅಗೆಯತೊಡಗಿದಾಗ, ಹೊಳೆಯ ನೀರನ್ನು ಕುಡಿಯುವವನು ಮೂಲವನ್ನು ಹುಡುಕದೆ ಇನ್ನೇನು ಮಾಡಿಯಾನು?

ನಾನಿರುವುದು ಕೊಪ್ಪದಲ್ಲಿ. ಇಲ್ಲಿಂದ ಒಂದು ದಿಕ್ಕಿಗೆ ಹೊರಟರೆ ಹರಿಹರಪುರದಲ್ಲಿ ತುಂಗೆ ಸಿಕ್ಕುತ್ತಾಳೆ; ಇನ್ನೊಂದು ದಿಕ್ಕಿಗೆ ಹೊರಟರೆ ಬಾಳೆಹೊನ್ನೂರಿನಲ್ಲಿ ಭದ್ರೆ ಸಿಕ್ಕುತ್ತಾಳೆ. ತುಂಗೆಯು ಶೃಂಗೇರಿಯ ಮಠದ ಮೆಟ್ಟಿಲುಗಳನ್ನು ತೊಳೆದು ನಮ್ಮ ತಾಲ್ಲೂಕಿಗೆ ಬರುವವಳು. ಭದ್ರೆಯು ಕಳಸವನ್ನು ಬಳಸಿ, ನರಸಿಂಹರಾಜಪುರ ತಾಲ್ಲೂಕನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ಸಮುದ್ರದಂತೆ ಹರಡಿ ನಿಲ್ಲುವವಳು. ಇಬ್ಬರೂ ಹುಟ್ಟುವುದು ಒಂದೇ ಮನೆಯಲ್ಲಿ, ವರಾಹ ಪರ್ವತದ ಗಂಗಾಮೂಲದಲ್ಲಿ. ಅಲ್ಲಿಯೇ ಹುಟ್ಟಿದ ಮೂರನೆಯವಳಾದ ನೇತ್ರಾವತಿಯು ಘಟ್ಟವನ್ನಿಳಿದು ಪಡುವಣ ಕಡಲಿಗೆ ಹೋದಳು. ಉಳಿದಿಬ್ಬರು ಮೂಡಣಕ್ಕೆ ಮುಖಮಾಡಿ, ಬೇರೆ ಬೇರೆ ಊರುಗಳನ್ನು ಸುತ್ತಿ, ಕೂಡಲಿಯಲ್ಲಿ ಮತ್ತೆ ಒಂದಾದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳೆಂಬ ಈ ಮೂರು ತಾಲ್ಲೂಕುಗಳು ಈ ಅಕ್ಕತಂಗಿಯರ ನೀರಿನಲ್ಲಿ ಬದುಕುವ ನೆಲ. ಆದ್ದರಿಂದ ಕುದುರೆಮುಖದ ವಿಚಾರವು ನಮಗೆ ಪರವೂರಿನ ವಾರ್ತೆಯಲ್ಲ, ಮನೆಯ ಮಾತು.

ಆ ಬೆಟ್ಟಗಳಲ್ಲಿ ಕಬ್ಬಿಣವಿದೆಯೆಂಬುದನ್ನು ೧೯೧೩ರಲ್ಲಿ ಮೊದಲು ಗುರುತಿಸಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು. ಅದಾದ ಬಳಿಕ ಅರುವತ್ತಕ್ಕೂ ಹೆಚ್ಚು ವರ್ಷ ಆ ಅದಿರು ಹುಲ್ಲಿನ ಕೆಳಗೆ ಸುಮ್ಮನೆ ಮಲಗಿತ್ತು. ಅದು ಉತ್ತಮ ದರ್ಜೆಯ ಅದಿರಲ್ಲ. ನೂರಕ್ಕೆ ಮೂವತ್ತೆಂಟರ ಆಸುಪಾಸು ಕಬ್ಬಿಣವುಳ್ಳ ಮ್ಯಾಗ್ನಟೈಟ್. ೧೯೭೫ರಲ್ಲಿ ಇರಾನಿನ ಷಾ ಅವರ ಸರ್ಕಾರವು ೬೩ ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ೧೯೭೬ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಸ್ಥಾಪಿತವಾಯಿತು. ಮಲ್ಲೇಶ್ವರವೆಂಬ ಹಳ್ಳಿಯಿದ್ದ ಕಣಿವೆಯಲ್ಲಿ ಪಟ್ಟಣವೊಂದು ಎದ್ದಿತು. ೧೯೭೯ರ ಕ್ರಾಂತಿಯಲ್ಲಿ ಷಾ ಅವರ ಸಿಂಹಾಸನ ಉರುಳಿತು. ಇರಾನಿಗೆಂದು ತೆಗೆಯಹೊರಟ ಅದಿರನ್ನು ಇರಾನು ಕೊಳ್ಳಲಿಲ್ಲ; ಆದರೆ ಆ ವೇಳೆಗೆ ಯಂತ್ರಗಳು ಬೆಟ್ಟವನ್ನೇರಿಯಾಗಿತ್ತು. ೧೯೮೦ರಲ್ಲಿ ಕೆಲಸವು ಮೊದಲಾಯಿತು. ಬೆಟ್ಟವನ್ನು ಒಡೆದು, ಹಿಟ್ಟು ಮಾಡಿ, ಕಬ್ಬಿಣವನ್ನು ಬೇರ್ಪಡಿಸಿ, ನೀರಿನೊಡನೆ ಕಲಸಿ, ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುವ ಆ ಏರ್ಪಾಡು ನಿಜವಾಗಿಯೂ ಬೆರಗು ಹುಟ್ಟಿಸುವಂಥದು. ವರ್ಷಕ್ಕೆ ೭೫ ಲಕ್ಷ ಟನ್ ಸಾಂದ್ರಿತ ಅದಿರನ್ನು ಕೊಡುವ ಶಕ್ತಿ ಅದಕ್ಕಿತ್ತು.

ಆ ಬೆರಗಿಗೆ ಒಳಗಾದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕಾಲದಲ್ಲಿ ನಾನು ಎಳೆಯ ಉಪಾಧ್ಯಾಯ. ಭೂಗೋಳದ ತರಗತಿಯಲ್ಲಿ ಕರ್ನಾಟಕದ ನಕಾಶೆಯನ್ನು ಬಿಡಿಸಿ, ಕುದುರೆಮುಖದ ಮೇಲೆ ಕೆಂಪು ಸೀಮೆಸುಣ್ಣದ ಚುಕ್ಕೆಯಿಟ್ಟು, 'ಇದು ನಮ್ಮ ಜಿಲ್ಲೆಯ ಹೆಮ್ಮೆ' ಎಂದು ಹೇಳಿಕೊಡುತ್ತಿದ್ದೆ. ಒಂದು ವರ್ಷ ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಪ್ರವಾಸ ಕರೆದೊಯ್ದದ್ದೂ ಉಂಟು. ಲಾರಿಯ ಚಕ್ರವು ನಮ್ಮ ಹುಡುಗರಿಗಿಂತ ಎತ್ತರವಾಗಿತ್ತು. ಅದರ ಪಕ್ಕದಲ್ಲಿ ನಿಂತು ಅವರು ಪಟ್ಟ ಆನಂದವನ್ನು ನಾನು ಮರೆತಿಲ್ಲ. ಆ ಯಂತ್ರಗಳು ನಿಂತಿದ್ದ ಮೆಟ್ಟಿಲು ಮೆಟ್ಟಿಲಾದ ಕೆಂಪು ನೆಲವು ಹಿಂದೆ ಏನಾಗಿತ್ತೆಂದು ಒಂದು ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವಷ್ಟು ನನಗೇ ತಿಳಿದಿರಲಿಲ್ಲವೆಂಬುದು ಸತ್ಯ.

ಅದು ಏನಾಗಿತ್ತು? ಕುದುರೆಮುಖದ ಎತ್ತರದ ಮಲೆಗಳಲ್ಲಿ ಕಾಡು ಎಲ್ಲೆಡೆಯೂ ಒಂದೇ ಸಮನಾಗಿ ಇರುವುದಿಲ್ಲ. ಬೆನ್ನಿನ ಮೇಲೆಲ್ಲ ಹುಲ್ಲು. ಮಡಿಕೆಗಳಲ್ಲಿ ಮಾತ್ರ ಕಿಕ್ಕಿರಿದ ಕಾಡು. ಶೋಲಾ ಎಂದು ಕರೆಯುವುದು ಈ ಮಡಿಕೆಯ ಕಾಡನ್ನೇ. ಮರವಿಲ್ಲದ ಹುಲ್ಲುಬೋರೆಯನ್ನು ಕಂಡು ಬಯಲುಸೀಮೆಯವರು ಬಂಜರೆಂದು ಭಾವಿಸುವುದು ಸಹಜ. ಆದರೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರು ಮಳೆಯು ಅಪ್ಪಳಿಸುವ ಆ ನೆತ್ತಿಯ ಮೇಲೆ ಮಣ್ಣನ್ನು ಹಿಡಿದಿಟ್ಟಿರುವುದು ಆ ಹುಲ್ಲಿನ ಬೇರು. ಆಷಾಢ ಶ್ರಾವಣಗಳ ಮಳೆಯನ್ನು ಹುಲ್ಲೂ ಶೋಲೆಯೂ ಕೂಡಿ ಕುಡಿದು, ಮಾಘ ಫಾಲ್ಗುಣಗಳವರೆಗೆ ತೊಟ್ಟುತೊಟ್ಟಾಗಿ ಬಿಟ್ಟುಕೊಡುತ್ತವೆ. ಶೃಂಗೇರಿಯ ಮಡುವಿನಲ್ಲಿ ಯಾತ್ರಿಕರ ಕೈಯ ಪುರಿಗೆ ಬಾಯ್ದೆರೆಯುವ ಮೀನುಗಳಿಗೆ ಏಪ್ರಿಲಿನಲ್ಲಿಯೂ ನೀರಿರುವುದು ಈ ಜಿಪುಣತನದಿಂದಲೇ. ಸಿಂಗಳೀಕ, ಹುಲಿ, ಕಾಟಿ, ಕಡವೆಗಳ ಮನೆಯೂ ಅದೇ. ಉಲ್ಲಾಸ ಕಾರಂತರು ೧೯೮೦ರ ದಶಕದಲ್ಲಿ ಸಿಂಗಳೀಕಗಳ ವಿಷಯವಾಗಿ ನಡೆಸಿದ ಅಧ್ಯಯನವು ಈ ಕಾಡನ್ನು ರಕ್ಷಿಸಬೇಕೆಂಬ ವಿಚಾರಕ್ಕೆ ಬಲ ಕೊಟ್ಟಿತು. ೧೯೮೭ರಲ್ಲಿ ಸರ್ಕಾರವು ೬೦೦ ಚದರ ಕಿಲೋಮೀಟರಿನಷ್ಟು ಮಲೆಯನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಸಾರುವ ಮೊದಲ ಪ್ರಕಟಣೆಯನ್ನು ಹೊರಡಿಸಿತು. ಉದ್ಯಾನದ ನಡುಮನೆಯಲ್ಲಿ ಗಣಿ. ಗಣಿಯ ಸುತ್ತ ಉದ್ಯಾನ! ಇಂಥ ಸಂಸಾರವು ಬಹುಕಾಲ ನಡೆಯುವಂತಿರಲಿಲ್ಲ.

ನೂರು ಪಾಲಿನಲ್ಲಿ ಮೂವತ್ತೆಂಟು ಪಾಲು ಕಬ್ಬಿಣವೆಂದರೆ, ಅಗೆದುದರಲ್ಲಿ ಅರ್ಧಕ್ಕೂ ಮಿಗಿಲಾದುದು ಬೇಡದ ಮಣ್ಣೆಂದು ಅರ್ಥ. ಆ ಹಿಟ್ಟುಮಣ್ಣನ್ನು ತಡೆದು ನಿಲ್ಲಿಸುವುದಕ್ಕಾಗಿ, ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ನೂರು ಮೀಟರು ಎತ್ತರದ ಕಟ್ಟೆಯನ್ನು ಕಟ್ಟಿದರು. ಕಟ್ಟೆಯ ಹಿಂದಿನದು ಅಲ್ಲಿ ನಿಂತಿತು. ಆದರೆ ಹುಲ್ಲು ಸುಲಿದ ಬೆಟ್ಟದ ಮೈಯನ್ನು ಮಳೆಯಿಂದ ಕಾಯುವವರು ಯಾರು? ಬಾಳೆಹೊನ್ನೂರಿನ ಸೇತುವೆಯ ಮೇಲೆ ನಿಂತು ಭದ್ರೆಯ ಕೆಂಪನ್ನು ನೋಡಿ ನಿಟ್ಟುಸಿರಿಟ್ಟ ಮುದುಕರನ್ನು ನಾನು ಬಲ್ಲೆ. ಮಳೆಗಾಲದಲ್ಲಿ ಯಾವ ಹೊಳೆ ಕೆಂಪಾಗದು ಎಂದು ಅವರನ್ನು ನಗೆಯಾಡಿದವರನ್ನೂ ಬಲ್ಲೆ. ನಗುವವರ ಮಾತಿನಲ್ಲಿಯೂ ಹುರುಳಿಲ್ಲದೆ ಇರಲಿಲ್ಲ. ಕಣ್ಣಿನ ಸಾಕ್ಷ್ಯದಿಂದ ಇಂಥ ವ್ಯಾಜ್ಯವು ತೀರುವುದಿಲ್ಲ, ಅಳತೆ ಬೇಕು. ಜಗದೀಶ ಕೃಷ್ಣಸ್ವಾಮಿಯವರೂ ಅವರ ಸಂಗಡಿಗರೂ ಆ ಅಳತೆಯನ್ನು ಮಾಡಿದರು. ೨೦೦೬ರಲ್ಲಿ ಪ್ರಕಟವಾದ ಅವರ ಅಧ್ಯಯನದ ಸಾರವಿಷ್ಟು: ನದಿಯ ಜಲಾನಯನದಲ್ಲಿ ಗಣಿಯ ನೆಲವು ಅತ್ಯಲ್ಪ ಭಾಗವಾದರೂ, ನದಿಯು ಹೊತ್ತುತರುವ ಹೂಳಿನಲ್ಲಿ ಅದರ ಪಾಲು ಆ ಅಳತೆಯನ್ನು ಎಷ್ಟೋ ಪಟ್ಟು ಮೀರಿದುದು. ಸೇತುವೆಯ ಮೇಲಿನ ಮುದುಕರ ನಿಟ್ಟುಸಿರಿಗೆ ವಿಜ್ಞಾನವು ಕೊಟ್ಟ ಉತ್ತರವದು. ಆ ಹೂಳು ಹೋಗಿ ಸೇರುವುದು ಭದ್ರಾ ಜಲಾಶಯವನ್ನು, ೭೧ ಟಿ.ಎಂ.ಸಿ.ಗೂ ಹೆಚ್ಚು ನೀರನ್ನು ಹಿಡಿದು, ಶಿವಮೊಗ್ಗ, ದಾವಣಗೆರೆಗಳ ಗದ್ದೆತೋಟಗಳಿಗೆ ಉಣಿಸುವ ಜಲಾಶಯವನ್ನು.

ಗಣಿಯ ಪಕ್ಷದ ವಾದವನ್ನು ಹಗುರಾಗಿ ಕಾಣುವುದು ನ್ಯಾಯವಲ್ಲ. ಕಬ್ಬಿಣವಿಲ್ಲದೆ ನಮ್ಮ ಬದುಕಿಲ್ಲ. ಅಡಿಕೆಯ ಕೊನೆಯನ್ನು ಇಳಿಸುವ ಕತ್ತಿಯೂ ಕಬ್ಬಿಣವೇ, ಈ ಲೇಖನವನ್ನು ಅಚ್ಚುಹಾಕುವ ಯಂತ್ರವೂ ಕಬ್ಬಿಣವೇ. ಸಾವಿರಾರು ಸಂಸಾರಗಳಿಗೆ ಆ ಕಂಪನಿಯು ಅನ್ನ ಕೊಟ್ಟಿತು. ದೇಶಕ್ಕೆ ವಿದೇಶೀ ಹಣವನ್ನು ತಂದಿತು. ಘಟ್ಟದ ಮೇಲೆ ಶಾಲೆ, ಆಸ್ಪತ್ರೆ, ರಸ್ತೆಗಳನ್ನು ಮಾಡಿತು. ಅಲ್ಲದೆ ಕಬ್ಬಿಣಕ್ಕಾಗಿ ಕಾಡನ್ನು ತೆತ್ತುದು ಮಲೆನಾಡಿಗೆ ಹೊಸದೇನೂ ಅಲ್ಲ. ೧೯೨೩ರಲ್ಲಿ ಭದ್ರಾವತಿಯ ಕುಲುಮೆಯು ಹೊತ್ತಿಕೊಂಡಾಗ ಅದು ಉರಿದುದು ನಮ್ಮ ಮರಗಳ ಇದ್ದಿಲಿನಿಂದ. ಆದರೆ ಕಡಿದ ಮರವು ಚಿಗುರಬಹುದು, ನೆಟ್ಟರೆ ಬೆಳೆಯಬಹುದು. ಒಡೆದ ಬೆಟ್ಟವು ಮತ್ತೆ ಬೆಳೆಯುವುದಿಲ್ಲ. ಕಬ್ಬಿಣವು ನಾಡಿನ ಹತ್ತು ಕಡೆಗಳಲ್ಲಿ ದೊರೆಯುತ್ತದೆ. ತುಂಗಭದ್ರೆಯರು ಹುಟ್ಟುವುದು ಒಂದೇ ಕಡೆಯಲ್ಲಿ. ವಾದವೆಲ್ಲವೂ ಕೊನೆಗೆ ಬಂದು ನಿಲ್ಲುವುದು ಈ ಎರಡು ವಾಕ್ಯಗಳಲ್ಲಿ ಎಂದು ನನ್ನ ನಂಬಿಕೆ.

೧೯೯೯ರ ಜುಲೈ ತಿಂಗಳಲ್ಲಿ ಗಣಿಯ ಮೂವತ್ತು ವರ್ಷದ ಗುತ್ತಿಗೆಯು ಮುಗಿಯಿತು. ಗುತ್ತಿಗೆಯಲ್ಲಿದ್ದುದು ೪,೬೦೪ ಹೆಕ್ಟೇರು ನೆಲ. ಕಂಪನಿಯು ಇನ್ನೂ ಇಪ್ಪತ್ತು ವರ್ಷಗಳ ಅವಧಿಯನ್ನು ಕೇಳಿತು. ಅಗೆದ ಬೆಟ್ಟದಿಂದಾಚೆಗೆ ನೆಲ್ಲಿಬೀಡು, ಗಂಗಡಿಕಲ್ಲು ಎಂಬ ಹೆಸರುಗಳು ಪತ್ರಿಕೆಗಳಲ್ಲಿ ಕಾಣಿಸತೊಡಗಿದವು. ಭದ್ರೆಯ ಮೂಲಕ್ಕೆ ತಟ್ಟಿದ್ದ ಗುದ್ದಲಿಯು ಇನ್ನು ತುಂಗೆಯ ಮೂಲಕ್ಕೂ ತಟ್ಟುವುದೆಂಬ ಭಯವು ಆಗ ಶೃಂಗೇರಿಯಿಂದ ಶಿವಮೊಗ್ಗದವರೆಗೆ ಹಬ್ಬಿತು. 'ಗಂಗಾ ಸ್ನಾನ, ತುಂಗಾ ಪಾನ' ಎಂಬುದನ್ನು ನಾಣ್ಣುಡಿಯಾಗಿ ಮಾತ್ರ ಕೇಳಿದ್ದವರು ಅದನ್ನು ಬೀದಿಯ ಘೋಷಣೆಯಾಗಿ ಕೇಳಿದರು. ತುಂಗಾಮೂಲವನ್ನು ಉಳಿಸಿರೆಂದು ಅಡಿಕೆ ಬೆಳೆಗಾರರು, ವಿದ್ಯಾರ್ಥಿಗಳು, ಉಪಾಧ್ಯಾಯರು, ಸಾಹಿತಿಗಳು ಒಟ್ಟಾಗಿ ನಡೆದರು. ಕೆಂಪು ಸೀಮೆಸುಣ್ಣದ ಉಪಾಧ್ಯಾಯನೂ ಆ ಗುಂಪಿನ ಕೊನೆಯಲ್ಲಿ ನಡೆದನು. ಅತ್ತ, ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದು ಹೆಸರಾದ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ೨೦೦೧ರಲ್ಲಿ ಉದ್ಯಾನದ ಅಂತಿಮ ಪ್ರಕಟಣೆಯು ಹೊರಬಿದ್ದಿತು. ೨೦೦೨ರ ಅಕ್ಟೋಬರ್ ೩೦ರಂದು ನ್ಯಾಯಾಲಯವು ತೀರ್ಪನ್ನಿತ್ತಿತು: ಈಗಾಗಲೇ ಒಡೆದಿರುವ ನೆಲದಲ್ಲಿ ೨೦೦೫ರ ಕೊನೆಯವರೆಗೆ ಮಾತ್ರ ಗಣಿಗಾರಿಕೆ, ಅಲ್ಲಿಂದಾಚೆಗೆ ಇಲ್ಲ. ಅವಧಿಯನ್ನು ಬೆಳೆಸುವ ಪ್ರಯತ್ನಗಳು ಫಲಿಸಲಿಲ್ಲ. ೨೦೦೫ರ ಡಿಸೆಂಬರ್ ಮುಗಿಯುತ್ತಲೇ ಬೆಟ್ಟದ ಮೇಲಿನ ಸದ್ದು ನಿಂತಿತು.

ಆ ಜನವರಿಯಲ್ಲಿ ನಾನು ತರಗತಿಯ ಮಕ್ಕಳಿಗೆ ಸಿಹಿ ಹಂಚಿದೆ. ಕಥೆಯು ಇಲ್ಲಿಗೆ ಮುಗಿದಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲ.

ಕೆಲವು ವರ್ಷಗಳ ತರುವಾಯ, ಶೃಂಗೇರಿಯ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನು ಕಂಡನು. ಅವನ ಮನೆ ಉದ್ಯಾನದ ಒಳಗೆ, ಕೆರೆಕಟ್ಟೆಯ ಕಡೆಗೆ. ಒಂದಿಷ್ಟು ಗದ್ದೆ, ಒಂದಿಷ್ಟು ತೋಟ, ಕಾಡಿನ ಜೇನು, ಸೀಗೆ, ರಾಮಪತ್ರೆ. ಅವನ ಅಜ್ಜನ ಕಾಲದಿಂದ ಅವರ ಜೀವನವಿಷ್ಟೇ. ಕುಶಲಪ್ರಶ್ನೆಗಳಾದವು. ಗಣಿಯ ವಿಷಯ ಬಂದಾಗ ನಾನು ಉತ್ಸಾಹದಿಂದ ಮಾತನಾಡಿದೆ. ಅವನು ತಲೆತಗ್ಗಿಸಿ ಕೇಳುತ್ತಿದ್ದವನು, ವಿನಯದಿಂದಲೇ ಹೀಗೆಂದನು: "ಗಣಿ ನಿಂತಾಗ ನೀವು ಶಾಲೇಲಿ ಸಿಹಿ ಹಂಚಿದ್ರಂತೆ ಮೇಷ್ಟ್ರೇ. ನಮ್ಮಲ್ಲಿ ಯಾರೂ ಹಂಚ್ಲಿಲ್ಲ. ಗಣಿಯವ್ರಿಗೆ ಹೋಗಿ ಅಂತ ಕೋರ್ಟು ಹೇಳ್ತು, ಅವ್ರು ಹೋದ್ರು. ನಮಗೆ ಹೋಗಿ ಅಂತಲೂ ಸರಿಯಾಗಿ ಹೇಳಲ್ಲ, ಇರಿ ಅಂತಲೂ ಹೇಳಲ್ಲ."

ಬಸ್ಸು ಬಂದಿತು, ಅವನು ಹೊರಟುಹೋದನು. ಉತ್ತರ ಹೇಳುವ ಸಂಕಟದಿಂದ ಬಸ್ಸು ನನ್ನನ್ನು ಪಾರುಮಾಡಿತೆಂದೇ ಹೇಳಬೇಕು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಗಣಿಯನ್ನು ನಿಲ್ಲಿಸಿದ ಕಾನೂನಿನ ಗೆರೆಯೊಳಗೇ ಅವನ ಮನೆಯೂ ಇತ್ತು. ಬೆಟ್ಟವನ್ನು ಹಿಟ್ಟು ಮಾಡಿದ ಕಂಪನಿಯೂ, ಅಂಟುವಾಳ ಹೆಕ್ಕಿದ ಮುದುಕಿಯೂ ಆ ಗೆರೆಯ ದೃಷ್ಟಿಯಲ್ಲಿ ಒಂದೇ ಆದರು. ಉದ್ಯಾನದ ಒಳಗಿನ ಹಳ್ಳಿಗಳಿಗೆ ದೀಪದ ತಂತಿಯನ್ನು ಎಳೆಯುವುದೂ, ಹಳ್ಳಕ್ಕೆ ಸಂಕವನ್ನು ಹಾಕುವುದೂ, ರಸ್ತೆಗೆ ಜಲ್ಲಿ ಸುರಿಯುವುದೂ ಅನುಮತಿಯ ಕಡತಗಳಾದವು. ಮಳೆಗಾಲದಲ್ಲಿ ಕಾಯಿಲೆಯವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರುವುದು ಅಲ್ಲಿ ಇತಿಹಾಸವಾಗಿ ಹೋಗಿಲ್ಲ.

ಈ ಅಸಮಾಧಾನದ ನೆಲದಲ್ಲಿ ಬಂದೂಕು ಬೇರುಬಿಟ್ಟಿತು. ಒಕ್ಕಲೆಬ್ಬಿಸುವರೆಂಬ ಭಯವನ್ನೇ ನೆಚ್ಚಿಕೊಂಡು ನಕ್ಸಲೀಯರು ಮಲೆಯನ್ನು ಹೊಕ್ಕರು. ೨೦೦೩ರ ನವೆಂಬರಿನಲ್ಲಿ ಘಟ್ಟದ ಕೆಳಗಿನ ಈದು ಗ್ರಾಮದಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. ೨೦೦೫ರ ಫೆಬ್ರುವರಿಯಲ್ಲಿ ನಮ್ಮ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ಆ ದಳದ ಮುಂದಾಳು ಸಾಕೇತ್ ರಾಜನ್ ಹತನಾದನು. ಕರ್ನಾಟಕದ ಇತಿಹಾಸವನ್ನು ಕುರಿತು ಗ್ರಂಥ ಬರೆದಿದ್ದ ವಿದ್ಯಾವಂತನವನು. ಅದರ ಹಿಂದೆಯೂ ಮುಂದೆಯೂ ಎರಡು ಕಡೆಗಳಿಂದಲೂ ರಕ್ತ ಹರಿಯಿತು. ಮಾಹಿತಿ ಕೊಟ್ಟನೆಂಬ ಸಂಶಯಕ್ಕೆ ಒಳಗಾದ ಬಡವನೂ ಸತ್ತನು, ಕರ್ತವ್ಯದಲ್ಲಿದ್ದ ಪೊಲೀಸನೂ ಸತ್ತನು. ಕಡೆಗೆ ೨೦೨೫ರ ಜನವರಿಯಲ್ಲಿ, ಕಾಡಿನಲ್ಲಿ ಉಳಿದಿದ್ದ ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಅವರಲ್ಲಿ ಇದೇ ಮಲೆಯ ಮಡಿಲಲ್ಲಿ ಹುಟ್ಟಿಬೆಳೆದ ಹೆಣ್ಣುಮಕ್ಕಳೂ ಇದ್ದರು. ಬಂದೂಕಿನ ದಾರಿಯನ್ನು ನಾನು ಎಂದೂ ಒಪ್ಪಿದವನಲ್ಲ. ಆದರೆ ಬಂದೂಕು ಕೆಳಗಿಳಿದ ಮಾತ್ರಕ್ಕೆ, ಅದು ಹುಟ್ಟಿಕೊಂಡ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಇಲ್ಲಿ ಒರಿಸ್ಸಾದ ನಿಯಮಗಿರಿಯ ನಿದರ್ಶನವನ್ನು ನೆನೆಯಬೇಕು. ಆ ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಅಗೆಯುವ ಯೋಜನೆಯಿತ್ತು. ಆ ಬೆಟ್ಟವನ್ನೇ ದೈವವೆಂದು ನಂಬಿದ ಡೊಂಗ್ರಿಯಾ ಕೊಂಧರು ಅದರ ಇಳಿಜಾರುಗಳಲ್ಲಿ ವಾಸವಾಗಿದ್ದರು. ೨೦೧೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಪ್ರಶ್ನೆಯನ್ನು ಮೊದಲು ಆ ಹಳ್ಳಿಗಳ ಗ್ರಾಮಸಭೆಗಳ ಮುಂದಿಡಬೇಕೆಂದಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ಸೇರಿತು. ಹನ್ನೆರಡೂ ಹಳ್ಳಿಗಳು ಗಣಿ ಬೇಡವೆಂದವು. ನಮ್ಮಲ್ಲಿ ಹಾಗಾಗಲಿಲ್ಲ. ಕುದುರೆಮುಖದ ತೀರ್ಪು ಬಂದಾಗ ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಇನ್ನೂ ಹುಟ್ಟಿರಲಿಲ್ಲ. ನಿಯಮಗಿರಿಯನ್ನು ಉಳಿಸಿದವರು ಅದರ ಮೇಲೆ ವಾಸಿಸುವವರು. ಕುದುರೆಮುಖವನ್ನು ಉಳಿಸಿದವರು ಅದರ ಕೆಳಗೆ ವಾಸಿಸುವ ನಾವು. ನಾವು ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊಳೆಯ ನೀರು ಕುಡಿಯುವವರಿಗೆ ಹೊಳೆಯ ಮೂಲದ ಮೇಲೆ ಹಕ್ಕಿದೆ. ಆದರೆ ಮೂಲದಲ್ಲಿರುವವರನ್ನು ಒಂದು ಮಾತು ಕೇಳದೆ ಚಲಾಯಿಸಿದ ಹಕ್ಕು ಅದು. ಆ ಋಣ ನಮ್ಮ ಮೇಲೆ ಉಳಿದಿದೆ.

ಋಣವನ್ನು ತೀರಿಸುವ ಮಾರ್ಗವು ದೂರವೇನೂ ಇಲ್ಲ. ನರಸಿಂಹರಾಜಪುರದ ಆಚೆ ದಡದಲ್ಲಿ ಭದ್ರಾ ಅಭಯಾರಣ್ಯವಿದೆ. ಅದರೊಳಗಿದ್ದ ನಾಲ್ಕುನೂರರಷ್ಟು ಕುಟುಂಬಗಳು ೨೦೦೧-೦೨ರ ಸುಮಾರಿಗೆ ಕಾಡನ್ನು ಬಿಟ್ಟು ಬಂದುವು. ಅವರಲ್ಲಿ ಬಹುಮಂದಿಗೆ ಲಕ್ಕವಳ್ಳಿಯ ಕಡೆಯ ಮಳಲಿ ಚೆನ್ನೇನಹಳ್ಳಿಯಲ್ಲಿ ನೀರಾವರಿಯ ಜಮೀನು, ಮನೆ, ಶಾಲೆಗಳು ದೊರೆತುವು. ಅಲ್ಲಿ ಕಣ್ಣೀರೇ ಹರಿಯಲಿಲ್ಲವೆಂದಲ್ಲ. ಹುಟ್ಟಿದ ನೆಲವನ್ನು ಬಿಡುವುದು ಎಂದಿಗೂ ಸುಖದ ಮಾತಲ್ಲ. ಆದರೂ ದೇಶದ ಪುನರ್ವಸತಿಯ ಪ್ರಯತ್ನಗಳಲ್ಲಿ ಅದನ್ನು ಮೇಲಾದುದೆಂದು ಎಣಿಸುತ್ತಾರೆ; ಏಕೆಂದರೆ ಅಲ್ಲಿ ನೆಲಕ್ಕೆ ನೆಲ ಸಿಕ್ಕಿತು. ಅದೇ ತಾಲ್ಲೂಕಿನ ಹಿರಿಯರು ಅದಕ್ಕೂ ಹಿಂದಿನದನ್ನು ಬಲ್ಲರು. ಲಕ್ಕವಳ್ಳಿಯ ಕಟ್ಟೆ ಎದ್ದಾಗ ಹೊಲ, ಮನೆ, ದೇವಸ್ಥಾನಗಳು ನೀರಿನಡಿಗೆ ಹೋದುವು. ತರೀಕೆರೆಯಿಂದ ಬರುತ್ತಿದ್ದ ಪುಟ್ಟ ರೈಲಿನ ಹಾದಿಯೂ ಮರೆಯಾಯಿತು. ನಾಡಿನ ಒಳಿತಿಗಾಗಿ ಮನೆ ಬಿಟ್ಟವರ ಮೂರು ತಲೆಮಾರುಗಳು ನಮ್ಮ ನಡುವೆಯೇ ಇರುವಾಗ, ನಾಲ್ಕನೆಯದಕ್ಕೆ ಹೇಗೆ ನಡೆಸಿಕೊಳ್ಳಬೇಕೆಂದು ನಮಗೆ ಬೇರೆ ಯಾರು ಹೇಳಿಕೊಡಬೇಕು? ಹೊರಡಲು ಒಪ್ಪುವವರಿಗೆ ತಕ್ಕ ಬೆಲೆಯನ್ನು ಒಂದೇ ಕಂತಿನಲ್ಲಿ, ಅವರು ಬದುಕಿರುವಾಗಲೇ ಕೊಡಲಿ. ಇರುತ್ತೇವೆನ್ನುವವರಿಗೆ ಕಾನೂನು ಕೊಟ್ಟ ಹಕ್ಕುಪತ್ರವನ್ನು ಕೊಡಲಿ. ಹೋಗೆಂದೂ ಇರೆಂದೂ ಹೇಳದೆ ಸತಾಯಿಸುವುದು ರಕ್ಷಣೆಯಲ್ಲ.

ಇದು ಕೇವಲ ಕರುಣೆಯ ಮಾತೆಂದು ಯಾರೂ ಭಾವಿಸಬಾರದು. ಕಾಡಿನ ಹಿತದ ಲೆಕ್ಕವೂ ಇದರಲ್ಲಿಯೇ ಇದೆ. ಕಸ್ತೂರಿರಂಗನ್ ಸಮಿತಿಯ ವರದಿಯ ಮೇಲೆ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸುವ ಕೇಂದ್ರದ ಕರಡು ಪ್ರಕಟಣೆಯು ಮತ್ತೆ ಮತ್ತೆ ಬಂದಿತು; ಅದರ ಪ್ರಕಾರ ಕರ್ನಾಟಕದ ಪಾಲು ೨೦,೬೬೮ ಚದರ ಕಿಲೋಮೀಟರು. ೨೦೨೪ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಅದನ್ನು ತಿರಸ್ಕರಿಸಿತು. ಆ ಕರಡಿನ ಮುಖ್ಯ ನಿಷೇಧಗಳಲ್ಲಿ ಗಣಿಗಾರಿಕೆಯೇ ಮೊದಲನೆಯದು. ಅದು ನಮ್ಮ ಹೊಳೆಗಳ ಪರವಾದ ಮಾತು. ಹೀಗಿದ್ದೂ ಅದನ್ನು ಅತ್ಯಂತ ಜೋರಾಗಿ ವಿರೋಧಿಸಿದವರಲ್ಲಿ ನಮ್ಮ ಮೂರು ತಾಲ್ಲೂಕುಗಳ ಜನರೂ ಇದ್ದರು. ತುಂಗಾಮೂಲಕ್ಕಾಗಿ ನಡೆದವರೇ ಇಪ್ಪತ್ತು ವರ್ಷಗಳಲ್ಲಿ ರಕ್ಷಣೆಯೆಂಬ ಪದಕ್ಕೇ ಬೆಚ್ಚಿದುದೇಕೆ? ಉದ್ಯಾನದೊಳಗಿನ ನೆರೆಯವನ ಪಾಡನ್ನು ಅವರು ಕಣ್ಣಾರೆ ಕಂಡಿದ್ದರು. ನಾಳೆ ತಮಗೂ ಅದೇ ಗತಿಯೆಂದು ಎಣಿಸಿದರು. ಅವರ ಎಣಿಕೆಯಲ್ಲಿ ಅತಿಶಯವಿತ್ತು, ರಾಜಕೀಯದ ಒಗ್ಗರಣೆಯೂ ಇತ್ತು. ಆದರೆ ಅದರ ಬೇರು ಸುಳ್ಳಾಗಿರಲಿಲ್ಲ. ಒಂದು ಕಡೆ ಮಾಡಿದ ಅನ್ಯಾಯವು ಹತ್ತು ಕಡೆಯ ನ್ಯಾಯಕ್ಕೆ ಅಡ್ಡಲಾಗಿ ನಿಲ್ಲುತ್ತದೆ.

ಗಣಿಯ ಲೆಕ್ಕವೂ ಪೂರ್ಣವಾಗಿ ಮುಗಿದಿಲ್ಲ. ಯಂತ್ರ ನಿಂತರೂ ಲಕ್ಯಾ ಕಟ್ಟೆಯ ಹಿಂದೆ ಇಪ್ಪತ್ತೈದು ವರ್ಷಗಳ ಹಿಟ್ಟುಮಣ್ಣು ಹಾಗೆಯೇ ನಿಂತಿದೆ. ಅದನ್ನು ಮಳೆಗಾಲಕ್ಕೊಮ್ಮೆ ಕಾಯುವ ಕೆಲಸವು ನಮ್ಮ ಮೊಮ್ಮಕ್ಕಳವರೆಗೂ ನಡೆಯಬೇಕಾದುದು. ೨೦೨೪ರಲ್ಲಿ ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ೪೦೧ ಹೆಕ್ಟೇರು ಅರಣ್ಯದಲ್ಲಿ ಗಣಿಗಾರಿಕೆಯನ್ನು ನಡೆಸಲು ಕೇಂದ್ರದ ಉಕ್ಕು ಸಚಿವರು ಒಪ್ಪಿಗೆಯ ಸಹಿ ಹಾಕಿದರು. ಕುದುರೆಮುಖದಲ್ಲಿ ಉಳಿದ ಬಾಕಿಗಳನ್ನು ಪೂರೈಸುವವರೆಗೂ ಭೂಮಿಯನ್ನು ಹಸ್ತಾಂತರಿಸಬಾರದೆಂದು ರಾಜ್ಯದ ಅರಣ್ಯ ಸಚಿವರು ಸೂಚನೆ ಕೊಟ್ಟರು. ಸಂಡೂರಿನ ಬೆಟ್ಟಕ್ಕೂ ನಮ್ಮ ಮಲೆಗೂ ನೂರಾರು ಮೈಲಿ ಅಂತರ. ಆದರೂ ಅಲ್ಲಿಯ ಪ್ರಶ್ನೆಗೆ ಇಲ್ಲಿಯ ಹಳೆಯ ಲೆಕ್ಕವೇ ಅಡ್ಡಬಂದುದನ್ನು ನೋಡಿದರೆ, ತೀರಿಸದ ಬಾಕಿಯು ಎಷ್ಟು ದೂರ ಹಿಂಬಾಲಿಸುತ್ತದೆಂಬುದು ತಿಳಿಯುತ್ತದೆ. ಅದಿರಿನ ಬೇಡಿಕೆ ಏರಿದಾಗಲೆಲ್ಲ ಬೆಟ್ಟಗಳ ಬೆಲೆಯನ್ನು ಮತ್ತೆ ಎಣಿಸುವವರು ಹುಟ್ಟಿಕೊಳ್ಳುತ್ತಾರೆ. ೨೦೧೨ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಕುದುರೆಮುಖವು ಸೇರಿದೆ, ಇನ್ನು ನಿಶ್ಚಿಂತೆ ಎಂದು ನಾವು ಮಲಗುವಂತಿಲ್ಲ. ಪಟ್ಟಿಯನ್ನು ಬರೆಯುವುದು ಕೈ, ಅಳಿಸುವುದೂ ಕೈ.

ಕೊನೆಯದಾಗಿ, ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಗಣಿಯನ್ನು ಬೈದ ಬಾಯಿಂದಲೇ ನಾವು ಹೊಳೆಯ ಮರಳನ್ನು ಲಾರಿಗೆ ತುಂಬಿದ್ದೇವೆ. ಪಟ್ಟಣದ ಕೊಳೆನೀರನ್ನು ತುಂಗೆಗೆ ತಿರುಗಿಸಿದ್ದೇವೆ. ಹುಲ್ಲುಬೋರೆಯನ್ನು ಬಂಜರೆಂದು ಕರೆದು ಅಕೇಶಿಯಾ ನೆಡುವುದನ್ನು ವನಮಹೋತ್ಸವವೆಂದಿದ್ದೇವೆ. ರಜೆಯ ದಿನಗಳಲ್ಲಿ ಬೆಟ್ಟವನ್ನು ಹತ್ತುವ ಪಟ್ಟಣಿಗರ ಸಂದಣಿಗೆ ಸರ್ಕಾರವೇ ಮಿತಿಯನ್ನು ಹಾಕಬೇಕಾಗಿಬಂದಿದೆ. ದೊಡ್ಡ ಗುದ್ದಲಿಯೊಂದು ನಿಂತರೆ ಸಾಲದು. ನಮ್ಮ ಕೈಯ ಸಣ್ಣ ಗುದ್ದಲಿಗಳೂ ನಿಲ್ಲಬೇಕು.

ನನ್ನ ವೃತ್ತಿ ಮುಗಿದಿದೆ. ನನ್ನಂತೆ ನಕಾಶೆ ಬಿಡಿಸುವ ಎಳೆಯ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಕುದುರೆಮುಖದ ಜಾಗದಲ್ಲಿ ಕೆಂಪು ಚುಕ್ಕೆಯನ್ನೂ ಇಡಬೇಡಿ, ಬರಿಯ ಹಸಿರನ್ನೂ ಬಳಿಯಬೇಡಿ. ಅಲ್ಲಿಂದ ಹೊರಡುವ ಮೂರು ನೀಲಿಯ ಗೆರೆಗಳನ್ನು ಎಳೆಯಿರಿ. ಅವುಗಳ ಪಕ್ಕದಲ್ಲಿ ಕೆರೆಕಟ್ಟೆಯಂಥ ಊರುಗಳ ಹೆಸರನ್ನೂ ಬರೆಯಿರಿ. ಮಕ್ಕಳು ಆ ನಕಾಶೆಯನ್ನು ನೋಡಿ ಕೇಳುವ ಪ್ರಶ್ನೆಗಳು ನಾನು ಕೇಳದೆ ಬಿಟ್ಟ ಪ್ರಶ್ನೆಗಳಾಗಿರುತ್ತವೆ.

ನದೀಮೂಲವನ್ನು ಹುಡುಕಬಾರದೆಂದ ಹಿರಿಯರ ಮಾತು ಈಗ ನನಗೆ ಬೇರೆಯಾಗಿ ಕೇಳಿಸುತ್ತದೆ. ಮೂಲವನ್ನು ಕೆದಕಬೇಡಿರೆಂದು ಅವರು ಹೇಳಿದ್ದಿರಬೇಕು. ಅದನ್ನು ಕೆದಕಲು ಹೋದವರನ್ನು ನಾವು ಹೇಗೋ ತಡೆದೆವು. ಅದರ ಬಳಿಯಲ್ಲಿ ಮನೆಮಾಡಿಕೊಂಡವರ ಯೋಗಕ್ಷೇಮವನ್ನು ವಿಚಾರಿಸುವುದನ್ನು ಮಾತ್ರ ಮರೆತೆವು. ಶೃಂಗೇರಿಯ ಬಸ್ ನಿಲ್ದಾಣದಲ್ಲಿ ಆ ಶಿಷ್ಯನು ಮತ್ತೆ ಸಿಕ್ಕಿದರೆ ಹೇಳಬೇಕಾದ ಉತ್ತರವು ನನ್ನೊಬ್ಬನಿಂದ ಆಗುವಂಥದಲ್ಲ. ಹೊಳೆಯ ನೀರನ್ನು ಕುಡಿಯುವ ಮೂರು ತಾಲ್ಲೂಕುಗಳೂ ಕೂಡಿ ಹೇಳಬೇಕಾದ ಉತ್ತರವದು.